ಹದಿನಾಲ್ಕು ನಿಮಿಷಕ್ಕೆ ತಪ್ಪಿದ ಹೊಸ ವರ್ಷ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರ್‌ಗಳಿವೆ. ಒಂದು, ರಾಹುಕಾಲ, ಏಕಾದಶಿ ನೋಡಲು ಅಮ್ಮ ಪ್ರತಿವರ್ಷ ತರುವ ಕನ್ನಡದ್ದು. ಇನ್ನೊಂದು, ಸಿಂಗಪುರದಲ್ಲಿ ಕೆಲಸ ಮಾಡುವ ದೊಡ್ಡಮ್ಮನ ಮಗಳು ತಂದುಕೊಟ್ಟಿದ್ದು. ಅದರಲ್ಲಿ ಚೀನೀ ಹೊಸ ವರ್ಷ, ಹರಿ ರಾಯ, ವೇಸಾಕ್, ನಮ್ಮ ದೀಪಾವಳಿ ಎಲ್ಲವೂ ಕೆಂಪು ಬಣ್ಣದ ರಜೆಗಳು. ದೊಡ್ಡ ಅಂಕಿಯ ಕೆಳಗೆ ಚೀನೀ ಲಿಪಿಯಲ್ಲಿ ಚಾಂದ್ರಮಾನದ ದಿನ, ಪಕ್ಕದಲ್ಲೊಂದು ಪುಟ್ಟ ಚಂದ್ರ.

ಅಮ್ಮನಿಗೆ ಚೀನೀ ಅಕ್ಷರ ಬರುವುದಿಲ್ಲ. ಆದರೂ ಚಂದ್ರನನ್ನು ನೋಡಿಕೊಂಡೇ, ‘ನೋಡೋ, ಇವರ ಒಂದನೇ ದಿನ ಅಂದ್ರೆ ನಮ್ಮ ಅಮಾವಾಸ್ಯೆ. ನಮ್ಮ ಪಾಡ್ಯ ಇವರಿಗೆ ಎರಡು’ ಎಂದು ಕಂಡುಹಿಡಿದಿದ್ದಳು. ಹೆಚ್ಚುಕಡಿಮೆ ಸರಿ. ಸೂರ್ಯ, ಚಂದ್ರ ಒಂದೇ ದಿಕ್ಕಿಗೆ ಬರುವ ಅಮಾವಾಸ್ಯೆಯ ಆ ಕ್ಷಣ ಯಾವ ದಿನ ಬೀಳುತ್ತದೋ ಅದೇ ಅವರ ಒಂದನೇ ದಿನ. ನಮ್ಮಲ್ಲಿ ಸೂರ್ಯೋದಯದ ತಿಥಿ ಲೆಕ್ಕ, ಹಾಗಾಗಿ ತಿಥಿ ಲೋಪವಾಗಬಹುದು, ಎರಡು ದಿನವೂ ಇರಬಹುದು. ಅವರಲ್ಲಿ ಆ ಗೋಜಿಲ್ಲ, 29 ಅಥವಾ 30ರವರೆಗೆ ನೇರ ಎಣಿಕೆ. ಇದರಿಂದ ಹುಣ್ಣಿಮೆ 15ಕ್ಕೇ ಬರಬೇಕೆಂದಿಲ್ಲ, 16ಕ್ಕೋ 17ಕ್ಕೋ ಜಾರುತ್ತದೆ. ಚಂದ್ರನ ಚಿತ್ರವನ್ನು ಬೇರೆಯಾಗಿ ಹಾಕುವುದು ಅದಕ್ಕೇ.

ನೇರ ಎಣಿಕೆ ಎಂದ ಕೂಡಲೇ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಇದೇ ಎಂದು ಗೆಳೆಯನನ್ನೂ ಎಳೆದುಕೊಂಡೆ. ಮೂರು ವಾರದಲ್ಲಿ ನಮ್ಮ ಕೋಡ್ 2023ರಿಂದ 2026ರವರೆಗಿನ ಚೀನೀ ಹೊಸ ವರ್ಷಗಳನ್ನು ಸರಿಯಾಗಿ ಹೇಳಿತು. ಜನವರಿ 22, ಫೆಬ್ರುವರಿ 10, ಜನವರಿ 29, ಫೆಬ್ರುವರಿ 17. ಇಡೀ ಹಾಸ್ಟೆಲ್‌ಗೆ ಸ್ಕ್ರೀನ್‌ಶಾಟ್ ಕಳಿಸಿದ್ದೂ ಆಯಿತು.

ಡೆಮೊಗೆ ಎರಡು ದಿನವಿದ್ದಾಗ ಗೈಡ್ ಮೇಡಂ, ‘ಹಳೇ ವರ್ಷ ಹಾಕಿ ನೋಡೋಣ’ ಎಂದು 2007 ಒತ್ತಿದರು. ಫೆಬ್ರುವರಿ 17 ಎಂದಿತು. ಹಾಂಗ್‌ಕಾಂಗ್ ವೀಕ್ಷಣಾಲಯದ 1901ರಿಂದ 2100ರವರೆಗಿನ ಪಟ್ಟಿ ತೆರೆದು ನೋಡಿದರೆ 18!

‘ಒಂದು ಇಫ್ ಹಾಕಿ 18 ಅಂತ ಬರೆದುಬಿಡು ಮಗಾ, ಯಾರು ನೋಡ್ತಾರೆ?’ ಎಂದ ಗೆಳೆಯ. ಸುಳ್ಳೇಕೆ ಹೇಳಲಿ, ಹಾಕಿದೆ. ರಾತ್ರಿ ಸುಮ್ಮನೆ 1985 ಒತ್ತಿದೆ. ಕೋಡ್ ಜನವರಿ 21 ಎಂದಿತು, ಪಟ್ಟಿಯಲ್ಲಿ ಫೆಬ್ರುವರಿ 20. ಒಂದು ದಿನವಲ್ಲ, ಒಂದು ತಿಂಗಳು! ಇಂಥ ಇಫ್ ಎಷ್ಟು ಬರೆಯುವುದು? ಡೆಮೊದಲ್ಲಿ ಮರ್ಯಾದೆ ಹೋಗುವುದು ಖಚಿತ ಎನಿಸಿ ಊಟ ಸೇರಲಿಲ್ಲ.

ತಪ್ಪು ಸಿಕ್ಕಿದ್ದು ಬೆಳಗಿನ ಜಾವ. ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿ ಲೆಕ್ಕ ಹಾಕುತ್ತಿತ್ತು. 2007ರ ಆ ಅಮಾವಾಸ್ಯೆಯ ಕ್ಷಣ ನಮಗೆ 17ರ ರಾತ್ರಿ 9.44. ಎರಡೂವರೆ ಗಂಟೆ ಮುಂದಿರುವ ಬೀಜಿಂಗ್‌ನಲ್ಲಿ ಮಧ್ಯರಾತ್ರಿ ದಾಟಿ 14 ನಿಮಿಷ, ಅಂದರೆ 18. ಖುಷಿಯ ಸಂಗತಿ ಏನೆಂದರೆ, ಇದೇ ಪದ್ಧತಿಯನ್ನು ತನ್ನ ಗಡಿಯಾರದಲ್ಲಿ ಲೆಕ್ಕ ಹಾಕುವ ವಿಯೆಟ್ನಾಂನಲ್ಲಿ ಆ ವರ್ಷ ಹೊಸ ವರ್ಷದ ಹಬ್ಬ ‘ಟೆಟ್’ ಬಂದದ್ದು 17ಕ್ಕೇ. ಬೀಜಿಂಗ್‌ಗಿಂತ ಅದು ಒಂದು ಗಂಟೆ ಹಿಂದೆ, ಅಲ್ಲಿ ಇನ್ನೂ 11.14.

1985ರದ್ದೂ ಅದೇ ಕಥೆ. ವರ್ಷದ ಅತಿ ಚಿಕ್ಕ ಹಗಲಿನ ಸಂಕ್ರಮಣ ಯಾವ ತಿಂಗಳಲ್ಲಿ ಬೀಳುತ್ತದೋ ಅದು 11ನೇ ತಿಂಗಳು. 1984ರಲ್ಲಿ ಅದು ವಿಯೆಟ್ನಾಂಗೆ ಡಿಸೆಂಬರ್ 21ರ ರಾತ್ರಿ 11.23ಕ್ಕೆ, ಚೀನಾಕ್ಕೆ 22ರ 12.23ಕ್ಕೆ ಬಂತು. 22ರಂದೇ ಅಮಾವಾಸ್ಯೆ, ಹೊಸ ತಿಂಗಳು ಶುರು. ಹೀಗಾಗಿ ವಿಯೆಟ್ನಾಂ ಆ ಬಾರಿ ಹಬ್ಬವನ್ನು ಒಂದು ತಿಂಗಳು ಮೊದಲೇ ಆಚರಿಸಿತು. ಗೊತ್ತಿಲ್ಲದೆ ನಾನು ಬರೆದದ್ದು ಚೀನಾದ್ದಲ್ಲ, ವಿಯೆಟ್ನಾಂ ಕ್ಯಾಲೆಂಡರ್!

ಇಫ್ ತೆಗೆದೆ. ಊರು ಆರಿಸುವ ಒಂದು ಬಟನ್ ಸೇರಿಸಿದೆ. ಡೆಮೊದಲ್ಲಿ ಮೇಡಂ 2030 ಒತ್ತಿದರು. ಹನೋಯ್‌ಗೆ ಫೆಬ್ರುವರಿ 2, ಬೀಜಿಂಗ್‌ಗೆ 3.

‘ಯಾವುದು ಸರಿ?’

‘ಎರಡೂ, ಮೇಡಂ.’

ಅವರು ನಕ್ಕು, ಮುಂದಿನ ತಂಡವನ್ನು ಕರೆದರು.

ಮನೆಗೆ ಬಂದು ಅಮ್ಮನಿಗೆ ಎಲ್ಲ ವಿವರಿಸಿದೆ. ಒಗ್ಗರಣೆ ಹಾಕುತ್ತಲೇ ಕೇಳಿ, ‘ಅಧಿಕ ಮಾಸ ಹೇಳತ್ತಾ ನಿನ್ನದು?’ ಎಂದಳು. ಅವರದ್ದನ್ನು ಹೇಳುತ್ತದೆ, 2025ರಲ್ಲಿ ಆರನೇ ತಿಂಗಳು ಎರಡು ಸಲ. ನಮ್ಮ ಅಧಿಕ ಜ್ಯೇಷ್ಠ 2026ರಲ್ಲಿ, ಅದಕ್ಕೆ ಸೂರ್ಯನ ರಾಶಿಯನ್ನು ನಕ್ಷತ್ರಗಳ ಲೆಕ್ಕದಲ್ಲಿ ಹಿಡಿಯಬೇಕು. ಆ ಕೋಡ್ ಇನ್ನೂ ಬರೆದಿಲ್ಲ.