ರೀಲು ತೊಳೆಯಲು ಕಾಫಿ ಪುಡಿ!

ಒಂದು ಕಾಲಕ್ಕೆ ಮದುವೆ ಮನೆಯಿಂದ ಹಿಂದಿರುಗಿದವರ ಮೊದಲ ಕೆಲಸ ಕ್ಯಾಮೆರಾದ ರೀಲನ್ನು ಸ್ಟುಡಿಯೋಗೆ ಕೊಟ್ಟು ಬರುವುದಾಗಿತ್ತು. ‘ತೊಳೆಯಲು ಕೊಟ್ಟಿದ್ದೇವೆ’ ಎಂದರೆ ಅದು ಬಟ್ಟೆಯ ವಿಷಯವಲ್ಲ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಡಿಜಿಟಲ್ ಕ್ಯಾಮೆರಾ, ಅದರ ಬೆನ್ನಿಗೇ ಮೊಬೈಲ್ ಫೋನು ಬಂದ ಮೇಲೆ ಆ ಮಾತೇ ಮರೆತುಹೋಯಿತು. 1967ರಲ್ಲಿ ಉತ್ಪಾದನೆ ಆರಂಭಿಸಿ ‘ಇಂದು’ ಹೆಸರಿನ ಫಿಲಂ ತಯಾರಿಸುತ್ತಿದ್ದ ಊಟಿಯ ಸರ್ಕಾರಿ ಕಾರ್ಖಾನೆ, ಹಿಂದೂಸ್ತಾನ್ ಫೋಟೊ ಫಿಲ್ಮ್ಸ್, ಬಾಗಿಲು ಹಾಕಿಯೂ ವರ್ಷಗಳಾದವು. ಆದರೂ ಅಟ್ಟದ ಮೇಲಿನ ಹಳೆಯ ಕ್ಯಾಮೆರಾ ಇಳಿಸಿ, ಒರೆಸಿ, ಮತ್ತೆ ರೀಲು ತುಂಬುವ ಹುಮ್ಮಸ್ಸಿನವರು ಅಲ್ಲಲ್ಲಿ ಇದ್ದಾರೆ. ಕೊಡಗಿನಲ್ಲಿ ಅಂಥವರಿಗೆ ಎದುರಾಗುವ ಪ್ರಶ್ನೆ ಎರಡು: ತೊಳೆಯುವವರು ಯಾರು? ಖರ್ಚೆಷ್ಟು?

ಈ ಕೆಲಸ ಮಾಡುವ ಲ್ಯಾಬುಗಳು ಈಗ ಹೆಚ್ಚಾಗಿ ದೊಡ್ಡ ನಗರಗಳಲ್ಲಿವೆ. ರೀಲು ಕೊರಿಯರಿನಲ್ಲಿ ಹೋಗಬೇಕು, ನೆಗೆಟಿವ್ ಕೊರಿಯರಿನಲ್ಲೇ ವಾಪಸು ಬರಬೇಕು. ದರ ಒಂದೊಂದು ಕಡೆ ಒಂದೊಂದು. ಲೆಕ್ಕಕ್ಕೆ ಸಿಗಲೆಂದು, ತೊಳೆದು ಸ್ಕ್ಯಾನ್ ಮಾಡಲು 600 ರೂಪಾಯಿ, ಕೊರಿಯರಿಗೆ ಹೋಗಿ ಬರಲು 200 ರೂಪಾಯಿ ಎಂದಿಟ್ಟುಕೊಳ್ಳಿ. ಒಂದೇ ರೀಲು ಕಳಿಸಿದರೆ 800 ರೂ. ಐದು ಕೂಡಿಸಿ ಕಳಿಸಿದರೆ ರೀಲಿಗೆ 640 ರೂ.

ಮನೆಯಲ್ಲಾದರೆ? ಕಪ್ಪು ಬಿಳುಪು ರೀಲಿಗೆ ಡಾರ್ಕ್ ರೂಮು ಬೇಕೆಂಬುದು ತಪ್ಪು ಕಲ್ಪನೆ. ಬೆಳಕು ತೂರದ ಟ್ಯಾಂಕು, ಅದಕ್ಕೆ ಫಿಲಂ ತುಂಬಲು ಕೈಚೀಲ, ಥರ್ಮಾಮೀಟರು, ಅಳತೆಯ ಜಾಡಿ, ಇಷ್ಟು ಸಾಕು. ಇವಕ್ಕೆ 6,000 ರೂಪಾಯಿ ಹಿಡಿಯೋಣ. ಉಳಿದದ್ದು ರಾಸಾಯನಿಕ. ಬಹುಕಾಲದಿಂದ ಬಳಕೆಯಲ್ಲಿರುವ ಡಿ-76 ಡೆವಲಪರಿನಲ್ಲಿರುವುದು ಲೀಟರಿಗೆ 2 ಗ್ರಾಂ ಮೆಟಾಲ್, 5 ಗ್ರಾಂ ಹೈಡ್ರೊಕ್ವಿನೋನ್, 100 ಗ್ರಾಂ ಸೋಡಿಯಂ ಸಲ್ಫೈಟ್, 2 ಗ್ರಾಂ ಬೊರಾಕ್ಸ್. ಒಂದು ಲೀಟರಿಗೆ 36 ಚಿತ್ರಗಳ ನಾಲ್ಕು ರೀಲು. ರಾಸಾಯನಿಕಕ್ಕೆಲ್ಲ ಸೇರಿ 600 ರೂಪಾಯಿ ಎಂದರೆ ರೀಲಿಗೆ 150 ರೂ. ಲ್ಯಾಬಿಗಿಂತ ಎಷ್ಟೋ ಅಗ್ಗ!

ಹೆಚ್ಚಿನವರು ಲೆಕ್ಕ ನಿಲ್ಲಿಸುವುದು ಇಲ್ಲೇ. ಕೊಯ್ದಿಟ್ಟ ಸೇಬು ಕಂದುಬಣ್ಣಕ್ಕೆ ತಿರುಗುವ ಹಾಗೆ ಡೆವಲಪರೂ ಗಾಳಿಯ ಆಮ್ಲಜನಕ ಹೀರಿ ಕೆಡುತ್ತದೆ. ಭರ್ತಿ ತುಂಬಿ ಬಿರಟೆ ಬಿಗಿದ ಬಾಟಲಿಯಲ್ಲಿ ಆರು ತಿಂಗಳು, ಅರ್ಧ ಖಾಲಿಯಾದ ಬಾಟಲಿಯಲ್ಲಿ ಎರಡೇ ತಿಂಗಳು. ಹುತ್ತರಿಗೊಂದು, ಕೈಲ್ ಪೊಳ್ದಿಗೊಂದು ರೀಲು ತೆಗೆಯುವವರು ಒಂದು ಬಾಟಲಿಯಲ್ಲಿ ಒಂದೇ ರೀಲು ತೊಳೆದು ಉಳಿದದ್ದನ್ನು ಚೆಲ್ಲಬೇಕಾದೀತು. ಆಗ ರೀಲಿಗೆ ಬಿದ್ದದ್ದು 150 ಅಲ್ಲ, 600. ಸ್ಕ್ಯಾನ್ ಖರ್ಚು ಬೇರೆ.

ಇಂಥವರಿಗೆ ಕೊಡಗಿನ ಬೆಳೆಯೇ ದಾರಿ ತೋರಿಸುತ್ತದೆ. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಡಾ. ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ಇನ್‌ಸ್ಟಂಟ್ ಕಾಫಿ ಮತ್ತು ವಾಷಿಂಗ್ ಸೋಡಾದಿಂದ ಡೆವಲಪರ್ ಮಾಡಿದರು. ‘ಕೆಫೆನಾಲ್’ ಎಂಬ ಹೆಸರು ಕೇಳಿ ಇದು ಕೆಫೀನಿನ ಪ್ರಭಾವ ಎನ್ನಿಸಬಹುದು. ನಿಜವಾಗಿ ಕೆಲಸ ಮಾಡುವುದು ಕೆಫೆಯಿಕ್ ಆಮ್ಲ. ಇದಕ್ಕೆ ಸಂಬಂಧಿಸಿದ ಕ್ಲೋರೊಜೆನಿಕ್ ಆಮ್ಲಗಳು ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಹೆಚ್ಚು. ರುಚಿಯಲ್ಲಿ ಹಿಂದೆ ಬಿದ್ದ ರೊಬಸ್ಟಾ ಇಲ್ಲಿ ಮುಂದೆ!

ಬಳಕೆಯಲ್ಲಿರುವ ಒಂದು ಪಾಕ ಹೀಗಿದೆ: ಲೀಟರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ. ಒಂದು ರೀಲಿನ ಟ್ಯಾಂಕಿಗೆ 300 ಮಿ.ಲೀ. ಸಾಕಾದರೆ ಕಾಫಿ 12 ಗ್ರಾಂ ಮಾತ್ರ. ಹರಳು ರೂಪದ ಸೋಡಾದಲ್ಲಿ ನೀರಿನಂಶ ಇರುವುದರಿಂದ ಲೀಟರಿಗೆ 146 ಗ್ರಾಂ ಬೇಕು. ಅಡಿಗೆ ಸೋಡಾ ಹಾಕಿದರೆ ಆಗದು. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿಯ ಪಾಲೇ ಕಡಿಮೆ, ಅದೂ ಬೇಡ. ಮನೆಯ ಫಿಲ್ಟರ್ ಡಿಕಾಕ್ಷನ್ನಿನ ಗಟ್ಟಿತನ ದಿನಕ್ಕೊಂದು ಬಗೆಯಾದ್ದರಿಂದ ನಂಬುವಂತಿಲ್ಲ. ವಾಸನೆ ಮಾತ್ರ ಕಾಫಿಯದ್ದಲ್ಲ. ಕಿಟಕಿ ತೆರೆದಿಡುವುದು ಒಳ್ಳೆಯದು.

ಬೇಕಾದಾಗ ಬೇಕಾದಷ್ಟೇ ಕಲಸಿ ಚೆಲ್ಲುವುದರಿಂದ ಕೆಡುವ ಪ್ರಶ್ನೆಯಿಲ್ಲ. ಆಮೇಲಿನ ಹೈಪೊ ದ್ರಾವಣ ಮಾತ್ರ ತಪ್ಪದು. ಅದು ಇನ್ನೂ ಚೆನ್ನಾಗಿದೆಯೇ ಎಂದು ನೋಡಲು ಫಿಲಂ ತುದಿಯ ಚೂರೊಂದನ್ನು ಹಾಕಿದರಾಯಿತು. ತಿಳಿಯಾಗಲು ಹಿಡಿದ ಸಮಯದ ಎರಡರಷ್ಟು ಹೊತ್ತು ರೀಲನ್ನು ಅದರಲ್ಲಿಡಬೇಕು. ಬಳಸಿದ ಹೈಪೊದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ತೋಡಿಗೆ ಸುರಿಯಬಾರದು. ಇದೆಲ್ಲ ಸೇರಿ ರೀಲಿಗೆ 100 ರೂಪಾಯಿ ಎಂದರೂ ಒಂದೊಂದೇ ರೀಲು ಲ್ಯಾಬಿಗೆ ಕಳಿಸುವವರಿಗೆ ತಲಾ 700 ರೂ. ಉಳಿತಾಯ, ಒಂಬತ್ತನೆಯ ರೀಲಿಗೆ ಟ್ಯಾಂಕಿನ ಬಂಡವಾಳ ವಾಪಸು.

ಹವೆಯೂ ಅರ್ಧ ಅನುಕೂಲ. ಬಯಲುಸೀಮೆಯವರು ಬೇಸಿಗೆಯಲ್ಲಿ ಐಸ್ ಹಾಕಿ ನೀರನ್ನು 20 ಡಿಗ್ರಿಗೆ ಇಳಿಸಬೇಕು. ಮಡಿಕೇರಿಯಲ್ಲಿ ಆ ಕಷ್ಟ ಕಡಿಮೆ. ಆದರೆ ಆಟಿ ತಿಂಗಳಲ್ಲಿ ಫಿಲಂ ಒಣಗುವುದೇ ಇಲ್ಲ. ಅವಸರಕ್ಕೆ ಒಲೆಯ ಮೇಲೆ ತೂಗುಹಾಕಿದರೆ ಮಸಿ, ಧೂಳು ಅಂಟಿ ಎಲ್ಲ ಹಾಳು. ಬಣ್ಣದ ರೀಲಂತೂ ಬೇರೆಯೇ ಜಾತಿ. ಅದರ ಸಿ-41 ವಿಧಾನಕ್ಕೆ ದ್ರಾವಣ 38 ಡಿಗ್ರಿಯ ಆಸುಪಾಸಿನಲ್ಲಿ ಕದಲದೆ ನಿಲ್ಲಬೇಕು. ವರ್ಷಕ್ಕೆ ನಾಲ್ಕೈದು ಬಣ್ಣದ ರೀಲಿನವರು ಲ್ಯಾಬನ್ನೇ ನಂಬುವುದು ಜಾಣತನ.

ಲೆಕ್ಕ ಜಾರುವುದು ಸ್ಕ್ಯಾನಿನಲ್ಲಿ. ಸ್ಕ್ಯಾನರಿಗೆ 15,000 ರೂಪಾಯಿ ಎಂದರೆ ಒಟ್ಟು ಬಂಡವಾಳ 21,000. ವಾಪಸು ಬರಲು 30 ರೀಲು ಬೇಕು. ವರ್ಷಕ್ಕೆ ನಾಲ್ಕು ರೀಲಾದರೆ ಏಳೂವರೆ ವರ್ಷ! ಚಿತ್ರಕ್ಕೆ ನಾಲ್ಕು ನಿಮಿಷವೆಂದರೂ ಒಂದು ರೀಲಿಗೆ ಎರಡೂಕಾಲು ಗಂಟೆಗೂ ಮಿಕ್ಕಿ ಕೂರಬೇಕು. ಮ್ಯಾಕ್ರೊ ಲೆನ್ಸಿನ ಡಿಜಿಟಲ್ ಕ್ಯಾಮೆರಾ ಇರುವವರು ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು ಫೋಟೊ ತೆಗೆದರೆ ಈ ಖರ್ಚು ಉಳಿಯುತ್ತದೆ.

ಆದರೆ ಹಳೆಯ ಮನೆಗಳ ಬೀರುವಿನಲ್ಲಿ ಇನ್ನೂ ಎಷ್ಟೋ ರೀಲುಗಳ ನೆಗೆಟಿವ್‌ಗಳಿವೆ. ಅವನ್ನೂ ಸೇರಿಸಿದರೆ ಮೂವತ್ತರ ಲೆಕ್ಕ ಒಂದೇ ಬೇಸಿಗೆಯಲ್ಲಿ ಮುಗಿದೀತು. ಕೊಡಗಿನ ಮಳೆಗಾಲದ ತೇವಕ್ಕೆ ಫಿಲಮ್ಮಿನ ಜೆಲಾಟಿನ್ ಪದರದ ಮೇಲೆ ಬೂಷ್ಟು ಬೆಳೆಯುತ್ತದೆ. ಜೇಡರ ಬಲೆಯಂಥ ಗೆರೆ ಕಂಡರೆ ಕೂಡಲೇ ಸ್ಕ್ಯಾನ್ ಮಾಡಿಡಬೇಕು. ಅಂಥ ನೆಗೆಟಿವನ್ನು ನೀರಿನಲ್ಲಿ ಮಾತ್ರ ತೊಳೆಯಬಾರದು: ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗುತ್ತದೆ, ಅದರ ಜೊತೆ ಚಿತ್ರವೂ ಹೋಗುತ್ತದೆ.