ರಕ್ತದಲ್ಲಿ ಕಂಡದ್ದು ವಿಷವೋ, ದೇಹದ್ದೇ ಆಮ್ಲವೋ?

ಕಳೆದ ಮಳೆಗಾಲದ ಒಂದು ಸಂಜೆ ಹಿರಿಯ ಮಿತ್ರರಾದ ರಾಯರೊಬ್ಬರು ನಮ್ಮ ಪತ್ರಿಕಾ ಕಚೇರಿಯ ಮೆಟ್ಟಿಲೇರಿ ಬಂದರು. ನಾನು ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಕಾಲದಿಂದಲೂ ಅವರು ನಮ್ಮ ಗಿರಾಕಿಗಳು. ಅಂದು ಕಾಫಿಯನ್ನೂ ಬೇಡವೆಂದು, ಕಿಸೆಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಹರಡಿದರು.

“ಶೆಟ್ರೇ, ಇದನ್ನು ಸ್ವಲ್ಪ ನೋಡಿ. ಮಗಳ ಮಗು, ಹುಟ್ಟಿ ಇಂದಿಗೆ ಒಂಬತ್ತು ದಿನ. ಹಾಲು ಕುಡಿಯುತ್ತದೆ, ನಿದ್ರೆ ಮಾಡುತ್ತದೆ, ನೋಡುವುದಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ರಕ್ತದಲ್ಲಿ ಏನೋ ಹೆಚ್ಚಾಗಿದೆಯಂತೆ.”

ಹುಟ್ಟಿದ ಶಿಶುವಿನ ಹಿಮ್ಮಡಿಯನ್ನು ಚುಚ್ಚಿ, ನಾಲ್ಕು ತೊಟ್ಟು ರಕ್ತವನ್ನು ಕಾಗದದಲ್ಲಿ ಹೀರಿಸಿ ಮಾಡುವ ಪರೀಕ್ಷೆಯ ವರದಿ ಅದು. ‘ಪ್ರೊಪಿಯೋನಿಲ್ ಕಾರ್ನಿಟೀನ್’ ಎಂಬ ಹೆಸರಿನೆದುರು ಮೇಲ್ಮುಖವಾದ ಬಾಣದ ಗುರುತಿತ್ತು. ಕೆಳಗೆ, ಮೀಥೈಲ್ ಮಲೋನಿಕ್ ಅಸಿಡೀಮಿಯ ಎಂಬ ರೋಗವಿರಬಹುದು, ಎರಡನೆಯ ಪರೀಕ್ಷೆ ಆಗತಕ್ಕದ್ದು ಎಂಬ ಒಕ್ಕಣೆ. ಎಸ್.ಎಸ್.ಎಲ್.ಸಿ.ಗೆ ಓದು ಮುಗಿಸಿದ ನಾನು ಇದಕ್ಕೆ ಏನು ಹೇಳಬಲ್ಲೆ? ಪರಿಚಯದ ವೈದ್ಯರಿಗೆ ದೂರವಾಣಿ ಮಾಡಿಕೊಟ್ಟು ರಾಯರನ್ನು ಅತ್ತ ಕಳುಹಿಸಿದೆ. ಆದರೆ ಆ ರೋಗದ ಹೆಸರು ನನ್ನ ತಲೆಯನ್ನು ಬಿಡಲಿಲ್ಲ. ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡ ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇನೆ.

ನಾವು ಉಣ್ಣುವ ಅನ್ನ, ಬೇಳೆ, ಹಾಲು ಒಂದೇ ಏಟಿಗೆ ಶಕ್ತಿಯಾಗಿ ಬದಲಾಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತ, ಒಂದು ವಸ್ತು ಇನ್ನೊಂದಾಗುತ್ತ ಸಾಗುತ್ತದೆ. ಈ ನಡುನಡುವಿನ ಸಣ್ಣ ವಸ್ತುಗಳಿಗೆ ಮೆಟಾಬೊಲೈಟ್‌ಗಳೆಂದು ಹೆಸರು. ಪ್ರತಿಯೊಂದು ಮೆಟ್ಟಿಲಿನಲ್ಲೂ ಕೆಲಸ ಮಾಡಿಸಲು ಒಂದೊಂದು ಕಿಣ್ವವಿದೆ. ಹೋಟೆಲಿನ ಅಡುಗೆಮನೆಯಲ್ಲಿ ರುಬ್ಬುವ ಯಂತ್ರ ಕೆಟ್ಟು ನಿಂತರೆ ನೆನೆಹಾಕಿದ ಅಕ್ಕಿ ಉದ್ದುಗಳ ಪಾತ್ರೆಗಳು ಸಾಲುಗಟ್ಟುತ್ತವೆ, ದೋಸೆಯ ಕಾವಲಿ ಬರಿದಾಗಿ ಕಾಯುತ್ತದೆ. ದೇಹದಲ್ಲಿಯೂ ಹಾಗೆಯೇ. ಮೇಲೆ ಹೇಳಿದ ರೋಗದಲ್ಲಿ, ಬಿ-12 ಜೀವಸತ್ವದ ನೆರವಿನಿಂದ ನಡೆಯಬೇಕಾದ ಒಂದು ಮೆಟ್ಟಿಲು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅದರ ಹಿಂದಿನ ಪ್ರೊಪಿಯೋನಿಕ್ ಆಮ್ಲ, ಮೀಥೈಲ್ ಮಲೋನಿಕ್ ಆಮ್ಲಗಳು ರಕ್ತದಲ್ಲಿ ರಾಶಿಬಿದ್ದು ಶಿಶು ವಾಂತಿಮಾಡುತ್ತದೆ, ಏದುಸಿರು ಬಿಡುತ್ತದೆ, ಮಂಕಾಗುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಅಪಾಯ.

ರಕ್ತದಲ್ಲಿರುವ ನೂರಾರು ವಸ್ತುಗಳಲ್ಲಿ ಇಂಥದೇ ಇದೆಯೆಂದು ಹೇಳುವುದು ಹೇಗೆ? ಮೊದಲು ಅವುಗಳನ್ನು ಬೇರ್ಪಡಿಸಬೇಕು. ಗ್ಯಾಸ್ ಕ್ರೊಮಟೋಗ್ರಫಿ ಎಂಬ ವಿಧಾನದಲ್ಲಿ, ಅತಿ ಸಪುರವಾದ, ಹಲವು ಮೀಟರು ಉದ್ದದ ಕೊಳವೆಯೊಳಗೆ ವಸ್ತುಗಳನ್ನು ಆವಿಯ ರೂಪದಲ್ಲಿ ಹರಿಸುತ್ತಾರೆ. ಕೆಲವು ಬೇಗನೆ ಹೊರಬರುತ್ತವೆ, ಕೆಲವು ತಡವಾಗಿ. ಒಂದೊಂದು ಹೊರಬಂದಾಗಲೂ ಪಟ್ಟಿಯ ಮೇಲೆ ಗುಡ್ಡದಂಥ ಗೆರೆಯೊಂದು ಏಳುತ್ತದೆ. ಆ ಗುಡ್ಡ ತಿಳಿಸುವುದಿಷ್ಟೇ: ಇಷ್ಟು ಹೊತ್ತಿಗೆ ಏನೋ ಒಂದು ಬಂತು. 9 ಗಂಟೆ 12 ನಿಮಿಷದ ಲೋಕಲಿನಲ್ಲಿ ಇಳಿದ ಮಾತ್ರಕ್ಕೆ ಒಬ್ಬನ ಹೆಸರು ಗೊತ್ತಾಗುವುದಿಲ್ಲವಷ್ಟೆ.

ಹೆಸರಿನ ಸಮೀಪಕ್ಕೆ ಒಯ್ಯುವುದು ಎರಡನೆಯ ಯಂತ್ರ, ಮಾಸ್ ಸ್ಪೆಕ್ಟ್ರೋಮೀಟರು. ಅಣುಗಳನ್ನು ತೂಗುವ ತಕ್ಕಡಿಯೆಂದು ಅದನ್ನು ತಿಳಿಯಬಹುದು. ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ಇದರ ಮೂಲವನ್ನು ಹಾಕಿದರು. ಅವರ ಸಹಾಯಕರಾಗಿದ್ದ ಆಸ್ಟನ್ 1919ರಲ್ಲಿ ಅದನ್ನು ತಿದ್ದಿ ನಿಲ್ಲಿಸಿ, 1922ರಲ್ಲಿ ನೊಬೆಲ್ ಬಹುಮಾನ ಪಡೆದರು. ಈ ಯಂತ್ರದೊಳಗೆ ಅಣುವಿಗೆ ಎಲೆಕ್ಟ್ರಾನುಗಳಿಂದ ಏಟು ಕೊಟ್ಟರೆ ಅದು ಚೂರಾಗುತ್ತದೆ. ಪ್ರತಿಯೊಂದು ಚೂರಿನ ತೂಕವೂ ನಕ್ಷೆಯಲ್ಲಿ ದಾಖಲಾಗುತ್ತದೆ. ಒಂದೇ ವಸ್ತುವಿಗೆ ಒಂದೇ ಬಲದ ಏಟು ಬಿದ್ದರೆ ಚೂರುಗಳ ನಕ್ಷೆಯೂ ಬಹುಮಟ್ಟಿಗೆ ಒಂದೇ. ಇದಕ್ಕೆಂದೇ 70 ಎಲೆಕ್ಟ್ರಾನ್ ವೋಲ್ಟಿನ ಏಟು ಎಂಬ ವಾಡಿಕೆ ಜಗತ್ತಿನಾದ್ಯಂತ ನೆಲೆನಿಂತಿದೆ. ಶುದ್ಧ ವಸ್ತುಗಳನ್ನು ಒಂದೊಂದಾಗಿ ಹೀಗೆ ಒಡೆದು ನಕ್ಷೆಗಳನ್ನು ಸಂಗ್ರಹಿಸಿಟ್ಟುಕೊಂಡರೆ, ಗುರುತಿಲ್ಲದ ವಸ್ತುವಿನ ನಕ್ಷೆಯನ್ನು ಅವುಗಳೊಡನೆ ಹೋಲಿಸಿ ನೋಡಬಹುದು. ಆ ಸಂಗ್ರಹವೇ ಆಧಾರ ನಕ್ಷೆಗಳ ಭಂಡಾರ.

ಹೋಲಿಸದೆ ಹೆಸರು ಹೇಳಿದರೆ ಏನಾಗುತ್ತದೆ? ಅಮೇರಿಕಾದ ಸೇಂಟ್ ಲೂಯಿಸಿನಲ್ಲಿ ನಡೆದುದನ್ನು ಕೇಳಿ.

1989ನೇ ಇಸವಿಯ ಬೇಸಗೆಯಲ್ಲಿ ಪೆಟ್ರಿಷಿಯಾ ಸ್ಟಾಲಿಂಗ್ಸ್ ಎಂಬ ತಾಯಿ ತನ್ನ ಮೂರು ತಿಂಗಳ ಕೂಸು ರಾಯನ್‌ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಬಿಡದ ವಾಂತಿ, ಕಷ್ಟದ ಉಸಿರು. ವೈದ್ಯರಿಗೆ ಇದು ಎಥಿಲಿನ್ ಗ್ಲೈಕಾಲ್ ವಿಷದ ಲಕ್ಷಣವೆಂದು ಸಂಶಯ ಬಂತು. ಚಳಿದೇಶಗಳಲ್ಲಿ ಮೋಟಾರಿನ ರೇಡಿಯೇಟರಿನ ನೀರು ಹೆಪ್ಪುಗಟ್ಟದಿರಲೆಂದು ಬೆರೆಸುವ ದ್ರವದಲ್ಲಿರುವ ವಸ್ತು ಅದು. ರಕ್ತವನ್ನು ಪರೀಕ್ಷಿಸಿದ ಪ್ರಯೋಗಶಾಲೆ ಸಂಶಯವನ್ನು ಸ್ಥಿರಪಡಿಸಿತು. ಮಗು ಚೇತರಿಸಿಕೊಂಡಿತಾದರೂ ತಾಯಿಯ ಮಡಿಲಿಗೆ ಮರಳಲಿಲ್ಲ. ಅದನ್ನು ಬೇರೊಂದು ಮನೆಯಲ್ಲಿ ಸಾಕಲು ಬಿಟ್ಟರು. ಕಾವಲಿನಲ್ಲಿ ಮಾತ್ರ ತಾಯಿಗೆ ಭೇಟಿ. ಅಂಥ ಒಂದು ಭೇಟಿಯಲ್ಲಿ ಕ್ಷಣಕಾಲ ತಾಯಿ ಮಗು ಇಬ್ಬರೇ ಇದ್ದರು; ಹಾಲೂಡಿಸಿದಳು. ಬಳಿಕ ಮಗು ಮತ್ತೆ ಕಾಯಿಲೆ ಬಿದ್ದು ಸೆಪ್ಟೆಂಬರಿನಲ್ಲಿ ತೀರಿಕೊಂಡಿತು. ಎರಡು ಪ್ರಯೋಗಶಾಲೆಗಳು ರಕ್ತದಲ್ಲಿ ಗ್ಲೈಕಾಲ್ ಇದೆಯೆಂದವು; ಹಾಲಿನ ಬಾಟಲಿಯಲ್ಲಿಯೂ ಅದರ ಸುಳಿವಿದೆ ಎಂದು ಹೇಳಲಾಯಿತು. ತಾಯಿಯ ಮೇಲೆ ಕೊಲೆಯ ಆರೋಪ ಬಂತು.

ಸೆರೆಯಲ್ಲಿದ್ದಾಗ ಅವಳು ಗರ್ಭಿಣಿಯೆಂದು ತಿಳಿಯಿತು. 1990ರ ಫೆಬ್ರವರಿಯಲ್ಲಿ ಎರಡನೆಯ ಗಂಡುಮಗು ಹುಟ್ಟಿತು. ಅದನ್ನು ಕೂಡಲೇ ಅವಳಿಂದ ಬೇರೆಮಾಡಿದರು. ಎರಡು ವಾರಗಳೊಳಗೆ ಆ ಮಗುವಿಗೂ ಅಣ್ಣನ ಲಕ್ಷಣಗಳೇ ಕಾಣಿಸಿಕೊಂಡವು. ಪರೀಕ್ಷಿಸಿದ ವೈದ್ಯರು ಮೀಥೈಲ್ ಮಲೋನಿಕ್ ಅಸಿಡೀಮಿಯ ಎಂದರು. ತಾಯಿ ಮುಟ್ಟಿಯೂ ಇರದ ಮಗು! ಹಾಗಿದ್ದರೂ ತಮ್ಮನ ರೋಗದ ಸಂಗತಿಯನ್ನು ಸಾಕ್ಷ್ಯವಾಗಿ ತರಲು ನ್ಯಾಯಾಲಯ ಒಪ್ಪಲಿಲ್ಲ. 1991ರ ಜನವರಿಯಲ್ಲಿ ಅವಳಿಗೆ ಜೀವಾವಧಿ ಕಾರಾಗೃಹ ಶಿಕ್ಷೆಯಾಯಿತು.

ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಈ ಕಥೆ ಬಂದುದು ಅವಳ ಪುಣ್ಯ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದ ಮುಖ್ಯಸ್ಥ ವಿಲಿಯಂ ಸ್ಲೈ ಹಾಗೂ ಅಲ್ಲಿನ ಪ್ರಯೋಗಶಾಲೆಯ ಜೇಮ್ಸ್ ಶೂಮೇಕರ್ ಅವರ ಮನಸ್ಸಿಗೆ ಇದು ನಾಟಿತು. ಶೂಮೇಕರ್ ರಾಯನ್‌ನ ಉಳಿದಿದ್ದ ರಕ್ತವನ್ನು ತಾವೇ ಪರೀಕ್ಷಿಸಿದರು, ಗ್ಲೈಕಾಲ್ ಕಾಣಲಿಲ್ಲ. ಬಳಿಕ ಯೇಲ್ ವಿಶ್ವವಿದ್ಯಾಲಯದ ಪಿಯೆರೋ ರಿನಾಲ್ಡೋ ಅವರನ್ನು ಸಂಪರ್ಕಿಸಿದರು. ಅವರಿಗೂ ಗ್ಲೈಕಾಲ್ ಸಿಗಲಿಲ್ಲ. ಸಿಕ್ಕಿದ್ದು ಮೀಥೈಲ್ ಮಲೋನಿಕ್ ಆಮ್ಲ, ಹೇರಳವಾಗಿ. ಹಾಗಾದರೆ ಎರಡು ಪ್ರಯೋಗಶಾಲೆಗಳು ಕಂಡದ್ದೇನು? ಮಗುವಿನ ದೇಹವೇ ರಾಶಿಹಾಕಿದ್ದ ಪ್ರೊಪಿಯೋನಿಕ್ ಆಮ್ಲವನ್ನು. ಕ್ರೊಮಟೋಗ್ರಫಿಯ ಪಟ್ಟಿಯಲ್ಲಿ ಅದರ ಗುಡ್ಡ ಗ್ಲೈಕಾಲಿನ ಗುಡ್ಡದ ಆಸುಪಾಸಿನಲ್ಲಿಯೇ ಏಳುತ್ತದೆ.

ರಿನಾಲ್ಡೋ ಹಳೆಯ ವರದಿಗಳನ್ನು ತರಿಸಿ ನೋಡಿದರು. ಇಲ್ಲಿ ನನಗೆ ಓದು ಮುಂದೆ ಸಾಗಲಿಲ್ಲ. ಒಂದು ಪ್ರಯೋಗಶಾಲೆ ನಿಜವಾದ ಗ್ಲೈಕಾಲನ್ನು ಯಂತ್ರದಲ್ಲಿ ಹರಿಸಿ ಅದರ ಆಧಾರ ಪಟ್ಟಿಯನ್ನು ತನ್ನಲ್ಲಿಯೇ ಇಟ್ಟುಕೊಂಡಿತ್ತು. ಮಗುವಿನ ರಕ್ತದ ಪಟ್ಟಿ ಅದಕ್ಕೆ ಹೊಂದುತ್ತಿರಲಿಲ್ಲ. ಆದರೂ ಗ್ಲೈಕಾಲ್ ಎಂದೇ ಬರೆದು ಸಹಿಹಾಕಿ ಕಳುಹಿಸಿತ್ತು! ಇನ್ನೊಂದು ಪ್ರಯೋಗಶಾಲೆ ಏನೋ ಅಸಹಜವಾದುದನ್ನು ಕಂಡು, ಇದು ಗ್ಲೈಕಾಲೇ ಇರಬೇಕೆಂದು ಊಹಿಸಿಕೊಂಡಿತ್ತು. ಬಾಟಲಿಯ ಹಾಲಿನಲ್ಲಿ ಅಸಹಜವಾದದ್ದೇನೂ ಇರಲಿಲ್ಲವೆಂದು ವರದಿಗಳಿಂದಲೇ ತಿಳಿಯಿತು. ವೈದ್ಯರು ಏನನ್ನು ಹುಡುಕಬೇಕೆಂದು ಮೊದಲೇ ಹೇಳಿದ್ದರು. ಹುಡುಕಿದವರಿಗೆ ಅದೇ ಕಂಡಿತು.

ಯಂತ್ರದ ದೋಷ ಇದಲ್ಲ. ಶುದ್ಧ ಎಥಿಲಿನ್ ಗ್ಲೈಕಾಲಿನ ಅಣುತೂಕ 62, ಪ್ರೊಪಿಯೋನಿಕ್ ಆಮ್ಲದ್ದು 74. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಒಡೆದರೆ ಗ್ಲೈಕಾಲಿನ ನಕ್ಷೆಯಲ್ಲಿ ಎದ್ದುಕಾಣುವುದು 31 ತೂಕದ ಚೂರು. ಆಮ್ಲದ ನಕ್ಷೆಯಲ್ಲಿ 74, 45 ಮುಂತಾದವು. ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನನ್ನಂಥವನಿಗೂ ವ್ಯತ್ಯಾಸ ತಿಳಿದೀತು. 1991ರ ಸೆಪ್ಟೆಂಬರ್ 20ರಂದು ಸರಕಾರಿ ವಕೀಲರು ಎಲ್ಲ ಆರೋಪಗಳನ್ನೂ ಹಿಂತೆಗೆದುಕೊಂಡರು. ಶೂಮೇಕರ್, ಸ್ಲೈ ಮತ್ತು ಸಂಗಡಿಗರು ಮರುವರ್ಷ ಈ ತಪ್ಪು ಹೇಗಾಯಿತೆಂಬುದನ್ನು ಶಿಶುವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಆ ಮೇಲೆ ನಕ್ಷೆಗಳ ಭಂಡಾರಗಳು ಬಹಳವಾಗಿ ಬೆಳೆದಿವೆ. ಅಮೇರಿಕಾ ಸರಕಾರದ ಮಾನಕ ಸಂಸ್ಥೆಯ ಸಂಗ್ರಹ ಹಳೆಯದು, ಹೆಸರಾಂತದ್ದು. 2005ರಲ್ಲಿ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಸ್ಥೆಯ ‘ಮೆಟ್ಲಿನ್’, 2007ರಲ್ಲಿ ಕೆನಡಾದ ಡೇವಿಡ್ ವಿಶಾರ್ಟ್ ಅವರ ನೇತೃತ್ವದಲ್ಲಿ ಮನುಷ್ಯದೇಹದ ಮೆಟಾಬೊಲೈಟ್‌ಗಳ ಕೋಶ ಹೊರಬಂದವು. ಜಪಾನಿನ ವಿದ್ವಾಂಸರು ‘ಮಾಸ್‌ಬ್ಯಾಂಕ್’ ಕಟ್ಟಿ ಎಲ್ಲರಿಗೂ ತೆರೆದಿಟ್ಟರು. ಇಂದು ಗಣಕಯಂತ್ರವು ಅಸಂಖ್ಯ ನಕ್ಷೆಗಳನ್ನು ಕ್ಷಣದಲ್ಲಿ ಹೋಲಿಸಿ, ನೂರಕ್ಕೆ ಇಷ್ಟು ಹೊಂದಿಕೆಯೆಂದು ಅಂಕ ಕೊಡುತ್ತದೆ.

ಆದರೆ ಅಂಕವೇ ಹೆಸರಲ್ಲ. ಈಗ ಬಳಕೆಯಲ್ಲಿರುವ ಬಹಳಷ್ಟು ಯಂತ್ರಗಳು ರಕ್ತವನ್ನು ಆವಿಯಾಗಿಸದೆ ದ್ರವರೂಪದಲ್ಲಿಯೇ ಬೇರ್ಪಡಿಸಿ ತೂಗುತ್ತವೆ. ಅವುಗಳಲ್ಲಿ ಏಟಿನ ಬಲ ಯಂತ್ರದಿಂದ ಯಂತ್ರಕ್ಕೆ ಬೇರೆ, ಚೂರುಗಳೂ ಬೇರೆ. ಅದಲ್ಲದೆ ಒಂದೇ ತೂಕದ ವಸ್ತುಗಳ ಕಾಟ ಬೇರೆ. ಗ್ಲುಟಮೀನ್ ಮತ್ತು ಲೈಸೀನ್ ಎರಡರ ತೂಕವೂ 146. ಬಹು ಸೂಕ್ಷ್ಮವಾದ ಯಂತ್ರಕ್ಕೆ ಮಾತ್ರ 146.069, 146.106 ಎಂಬ ಅಂತರ ಕಾಣುತ್ತದೆ. ಲ್ಯೂಸೀನ್ ಮತ್ತು ಐಸೋಲ್ಯೂಸೀನುಗಳಲ್ಲಾದರೋ ಪರಮಾಣುಗಳೇ ಒಂದು, ಜೋಡಣೆ ಮಾತ್ರ ಬೇರೆ. ಎಷ್ಟು ಸೂಕ್ಷ್ಮವಾಗಿ ತೂಗಿದರೂ ಅಂತರವಿಲ್ಲ. ಶಿಶುಗಳ ರಕ್ತಪರೀಕ್ಷೆಯಲ್ಲಿ ಇವೆರಡೂ, ಜೊತೆಗೆ ಅದೇ ತೂಕದ ಹೈಡ್ರಾಕ್ಸಿಪ್ರೋಲೀನ್ ಎಂಬುದೂ ಒಂದೇ ಗೆರೆಯಲ್ಲಿ ಬೀಳುತ್ತವೆ. ಲ್ಯೂಸೀನ್ ಏರಿದ್ದರೆ ಅದು ಮಿದುಳನ್ನು ಕೆಡಿಸುವ ರೋಗದ ಸೂಚನೆಯಾಗಬಹುದು. ಹೈಡ್ರಾಕ್ಸಿಪ್ರೋಲೀನ್ ಏರಿದ್ದರೆ ಚಿಂತಿಸುವಂಥದ್ದೇನೂ ಇಲ್ಲ. ಗೆರೆ ಎರಡಕ್ಕೂ ಒಂದೇ!

ಹೋಟೆಲಿನಲ್ಲಿ ನಾನಿದ್ದಾಗ ಮಳೆಗಾಲದಲ್ಲಿ ಬಾಗಿಲ ಬಳಿ ಇಪ್ಪತ್ತು ಮೂವತ್ತು ಕೊಡೆಗಳು ನೀರಿಳಿಸುತ್ತ ನಿಲ್ಲುತ್ತಿದ್ದವು. ಎಲ್ಲವೂ ಕಪ್ಪು, ಎಲ್ಲಕ್ಕೂ ಬಾಗಿದ ಹಿಡಿ. ಒಮ್ಮೆ ನಮ್ಮ ಹುಡುಗ ಹಿಡಿ ನೋಡಿ ಕೊಟ್ಟ ಕೊಡೆಯನ್ನು ಗಿರಾಕಿಯೊಬ್ಬರು ಸ್ಟೇಷನ್ನಿನಲ್ಲಿ ಬಿಡಿಸಿದರೆ ಒಳಗೆ ಕೆಂಪು ನೂಲಿನಲ್ಲಿ ಬೇರೆಯವರ ಹೆಸರು! ಅಂದಿನಿಂದ ಕೊಡೆಯನ್ನು ಬಿಡಿಸಿ ತೋರಿಸದೆ ಯಾರ ಕೈಗೂ ಕೊಡಬಾರದೆಂದು ಕಟ್ಟಪ್ಪಣೆ ಮಾಡಿದ್ದೆ.

ವಿಜ್ಞಾನಿಗಳೂ 2007ರಲ್ಲಿ ಇಂಥದೊಂದು ಕಟ್ಟಳೆ ಮಾಡಿಕೊಂಡರು. ಗುರುತಿನಲ್ಲಿ ನಾಲ್ಕು ದರ್ಜೆಗಳು. ಶುದ್ಧ ವಸ್ತುವನ್ನು ತಂದು, ಅದೇ ಪ್ರಯೋಗಶಾಲೆಯಲ್ಲಿ ಅದೇ ರೀತಿಯಲ್ಲಿ ಹರಿಸಿ, ಹೊರಬರುವ ಕಾಲ ಮತ್ತು ಚೂರುಗಳ ನಕ್ಷೆಗಳಂಥ ಕನಿಷ್ಠ ಎರಡು ಗುಣಗಳು ಹೊಂದಿದರೆ ಮೊದಲ ದರ್ಜೆ. ಭಂಡಾರದ ನಕ್ಷೆಗೆ ಮಾತ್ರ ಹೊಂದಿದರೆ ಎರಡನೆಯದು. ಅದು ಊಹೆಯ ಹೆಸರು. ಯಾವ ಗುಂಪಿಗೆ ಸೇರಿದ್ದೆಂದಷ್ಟೇ ತಿಳಿದರೆ ಮೂರನೆಯದು. ನಾಲ್ಕನೆಯದು ಅನಾಮಧೇಯ. ಈ ಕೊನೆಯ ದರ್ಜೆಯ ಜನಸಂಖ್ಯೆಯನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಇಂಥದನ್ನೇ ಎಂದು ಗೊತ್ತುಮಾಡಿಕೊಳ್ಳದೆ ಎಲ್ಲವನ್ನೂ ತೂಗುವ ಪ್ರಯೋಗಗಳಲ್ಲಿ ಸರಾಸರಿ ನೂರಕ್ಕೆ ಎರಡಕ್ಕಿಂತ ಕಡಿಮೆ ನಕ್ಷೆಗಳಿಗೆ ಮಾತ್ರ ಹೆಸರು ಹಚ್ಚಲು ಸಾಧ್ಯವಾಗುತ್ತಿದೆಯೆಂದು 2015ರಲ್ಲಿ ಪೀಟರ್ ಡೊರೆಸ್ಟೀನ್ ಮತ್ತು ಸಂಗಡಿಗರು ಬರೆದರು. ಶುದ್ಧ ವಸ್ತುಗಳು ದೊರೆಯುವುದೇ ಕಷ್ಟ. ಎಷ್ಟೋ ಮೆಟಾಬೊಲೈಟ್‌ಗಳು ಪೇಟೆಯಲ್ಲಿಲ್ಲ. ಬೇಕಾದವರು ತಾವೇ ತಯಾರಿಸಿಕೊಳ್ಳಬೇಕು.

ರಾಯರ ಮೊಮ್ಮಗನ ಸಂಗತಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಈ ಶಿಶುಪರೀಕ್ಷೆ ಎಲ್ಲರಿಗೂ ಕಡ್ಡಾಯವಾಗಿಲ್ಲ. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಹಣ ತೆತ್ತವರಿಗುಂಟು. ವರದಿಯಲ್ಲಿದ್ದ ಪ್ರೊಪಿಯೋನಿಲ್ ಕಾರ್ನಿಟೀನ್ ಎಂಬುದು ಸರಿಯಾದ ಗುರುತೇ ಆಗಿತ್ತು. ಪರೀಕ್ಷೆಯ ವೇಳೆ ಅದೇ ವಸ್ತುವಿನ, ಭಾರ ಜಲಜನಕ ಸೇರಿಸಿ ತಯಾರಿಸಿದ ನಮೂನೆಯನ್ನು ಗೊತ್ತಾದ ಅಳತೆಯಲ್ಲಿ ರಕ್ತದ ಜೊತೆಗೇ ಹಾಕಿರುತ್ತಾರೆ. ಅಂಗಡಿಯಲ್ಲಿ ಮುದ್ರೆಯೊತ್ತಿದ ತೂಕದ ಕಲ್ಲು ಇದ್ದಂತೆ. ಹೆಸರು ನಿಜ, ಹೆಚ್ಚಿರುವುದೂ ನಿಜ. ಏಕೆ ಹೆಚ್ಚಿತು ಎಂಬುದು ಬೇರೆ ಪ್ರಶ್ನೆ. ಮೀಥೈಲ್ ಮಲೋನಿಕ್ ಅಸಿಡೀಮಿಯದಲ್ಲಿಯೂ ಅದು ಏರುತ್ತದೆ, ಅದರ ಹತ್ತಿರದ ಇನ್ನೊಂದು ರೋಗದಲ್ಲಿಯೂ ಏರುತ್ತದೆ. ತಾಯಿಗೆ ಬಿ-12 ಜೀವಸತ್ವ ಸಾಲದೆ ಹೋದರೆ, ಕಿಣ್ವ ನೆಟ್ಟಗಿದ್ದರೂ ಮಗುವಿನಲ್ಲಿ ಏರುವುದುಂಟು.

ವೈದ್ಯರು ಮಗುವಿನ ಮೂತ್ರವನ್ನು ಮಾಸ್ ಸ್ಪೆಕ್ಟ್ರೋಮೀಟರಿನ ಪರೀಕ್ಷೆಗೂ, ತಾಯಿ ಮಗು ಇಬ್ಬರ ರಕ್ತವನ್ನು ಬಿ-12ರ ಪರೀಕ್ಷೆಗೂ ಕಳುಹಿಸಿದರು. ರಾಯರ ಮಗಳು ಶುದ್ಧ ಸಸ್ಯಾಹಾರಿ. ಬಸುರಿನಲ್ಲಿ ವಾಕರಿಕೆಯೆಂದು ಹಾಲು ಮೊಸರುಗಳನ್ನೂ ಬಿಟ್ಟಿದ್ದಳಂತೆ. ಆರನೆಯ ದಿನ ಉತ್ತರ ಬಂತು. ಮೀಥೈಲ್ ಮಲೋನಿಕ್ ಆಮ್ಲ ತುಸು ಹೆಚ್ಚು, ರೋಗವಿದ್ದಾಗ ಇರುವಂಥ ರಾಶಿಯಲ್ಲ. ಬಿ-12 ಇಬ್ಬರಲ್ಲಿಯೂ ತೀರ ಕಡಿಮೆ. ಇಬ್ಬರಿಗೂ ಸೂಜಿಮದ್ದು ಆರಂಭವಾಯಿತು. ಕೆಲವು ವಾರಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಮೇಲ್ಮುಖದ ಬಾಣ ವರದಿಯಲ್ಲಿ ಇರಲಿಲ್ಲ. ರಾಯರು ಆ ಕಾಗದವನ್ನೂ ನಾಲ್ಕು ಮಡಿಕೆಮಾಡಿ ತಂದು ತೋರಿಸಿದರು; ಅಂದು ಕಾಫಿ ಬೇಡವೆನ್ನಲಿಲ್ಲ.