ಮೌಂಟೇನ್ ಬೈಕ್ ಸಸ್ಪೆನ್ಷನ್ ಫೋರ್ಕ್‌ನ ನಿರ್ವಹಣೆ

ಸಸ್ಪೆನ್ಷನ್ ಫೋರ್ಕ್ ಎಂಬುದು ಮೌಂಟೇನ್ ಬೈಕಿನ ಮುಂದಿನ ಚಕ್ರವನ್ನು ಹಿಡಿದಿದ್ದು, ನೆಲದ ಏರುತಗ್ಗುಗಳಿಂದ ಉಂಟಾಗುವ ಆಘಾತವನ್ನು ತಗ್ಗಿಸುವ ಭಾಗ. ಆಡುಮಾತಿನಲ್ಲಿ ಇದನ್ನು ‘ಶಾಕ್ ಅಬ್ಸಾರ್ಬರ್’ ಎನ್ನುವುದೂ ಉಂಟು. ಒಂದರೊಳಗೊಂದು ಜಾರುವ ಕೊಳವೆಗಳ ನಡುವೆ ಸೇರಿದ ಧೂಳನ್ನು ತೆಗೆದು, ಹಳೆಯ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸುವುದೇ ಇದರ ನಿರ್ವಹಣೆಯ ತಿರುಳು. ಈ ಕೆಲಸದ ಒಂದು ಭಾಗವನ್ನು ಮನೆಯಲ್ಲಿಯೇ ಮಾಡಬಹುದು. ಉಳಿದ ಭಾಗಕ್ಕೆ ವಿಶೇಷ ಉಪಕರಣಗಳು ಮತ್ತು ತರಬೇತಿ ಅಗತ್ಯ.

ಹಿನ್ನೆಲೆ

ಎಣ್ಣೆಯ ತಡೆಯನ್ನು ಬಳಸುವ ಟೆಲಿಸ್ಕೋಪಿಕ್ ಫೋರ್ಕ್ ಮೊದಲು ಮೋಟಾರ್ ಸೈಕಲ್‌ಗಳಲ್ಲಿ ಬಳಕೆಗೆ ಬಂದಿತು. ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆಯು 1935ರಲ್ಲಿ ತನ್ನ ಆರ್12 ಮಾದರಿಗೆ ಇದನ್ನು ಅಳವಡಿಸಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ ವಾಹನಗಳಲ್ಲಿಯೂ ಟೆಲಿಸ್ಕೋಪಿಕ್ ಫೋರ್ಕ್ ಇತ್ತು. ಮೌಂಟೇನ್ ಬೈಕುಗಳಲ್ಲಿ ಇದು ಜನಪ್ರಿಯವಾದುದು 1990ರ ಸುಮಾರಿಗೆ, ಪಾಲ್ ಟರ್ನರ್ ಸ್ಥಾಪಿಸಿದ ಅಮೆರಿಕದ ರಾಕ್‌ಶಾಕ್ಸ್ ಸಂಸ್ಥೆಯ ಆರ್‌ಎಸ್-1 ಮಾದರಿಯ ಮೂಲಕ. ಕರ್ನಾಟಕದಲ್ಲಿಯೂ ಈ ಕ್ರೀಡೆ ಬೆಳೆದಿದ್ದು, 2021ರ ಫೆಬ್ರವರಿಯಲ್ಲಿ ಗದಗದಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು.

ರಚನೆ

ಫೋರ್ಕ್‌ನಲ್ಲಿ ನಯವಾದ ಹೊಳಪಿನ ಎರಡು ಮೇಲ್ಕೊಳವೆಗಳು ಹಾಗೂ ಅವುಗಳ ಮೇಲೆ ಜಾರುವ ಕೆಳಕವಚ ಇರುತ್ತವೆ. ಸಾಮಾನ್ಯವಾಗಿ ಒಂದು ಕಾಲಿನಲ್ಲಿ ಸ್ಪ್ರಿಂಗ್, ಇನ್ನೊಂದರಲ್ಲಿ ಡ್ಯಾಂಪರ್ ಇರುತ್ತದೆ. ಸ್ಪ್ರಿಂಗ್ ಆಘಾತವನ್ನು ಹೀರಿಕೊಂಡು ಮರಳಿ ಚಿಮ್ಮುತ್ತದೆ. ಡ್ಯಾಂಪರ್‌ನೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹರಿದು ಆ ಚಿಮ್ಮುವಿಕೆಯ ವೇಗವನ್ನು ತಡೆಯುತ್ತದೆ. ಸ್ಪ್ರಿಂಗ್ ಉಕ್ಕಿನ ಸುರುಳಿಯಾಗಿರಬಹುದು ಅಥವಾ ಒತ್ತಡದಲ್ಲಿರುವ ಗಾಳಿಯಾಗಿರಬಹುದು. ಕೆಳಕವಚದ ಬಾಯಿಯಲ್ಲಿ ಧೂಳು ತಡೆಯುವ ರಬ್ಬರ್ ಸೀಲ್, ಅದರ ಕೆಳಗೆ ಎಣ್ಣೆ ಹಿಡಿದಿಡುವ ಸ್ಪಂಜಿನ ಉಂಗುರ ಇರುತ್ತವೆ.

ಕಡಿಮೆ ಬೆಲೆಯ ಅನೇಕ ಸೈಕಲ್‌ಗಳ ಫೋರ್ಕ್‌ನಲ್ಲಿ ಉಕ್ಕಿನ ಸುರುಳಿ ಮಾತ್ರ ಇದ್ದು, ಎಣ್ಣೆಯ ಡ್ಯಾಂಪರ್ ಇರುವುದಿಲ್ಲ. ಇಂಥವುಗಳಿಗೆ ಶುಚಿಗೊಳಿಸಿ ಗ್ರೀಸ್ ಹಚ್ಚುವುದಷ್ಟೇ ಸಾಕಾಗುತ್ತದೆ.

ನಿರ್ವಹಣೆಯ ಅಗತ್ಯ

ಸೀಲಿನ ಅಂಚಿನಲ್ಲಿ ಕೂರುವ ಧೂಳು ಪ್ರತಿ ಚಲನೆಯಲ್ಲಿಯೂ ಮೇಲ್ಕೊಳವೆಯನ್ನು ಉಜ್ಜುತ್ತದೆ. ಲೇಪನದ ಮೇಲೆ ಗೀರು ಬಿದ್ದರೆ ಎಣ್ಣೆ ಸೋರತೊಡಗುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಮೇಲ್ಕೊಳವೆಗಳನ್ನು ಮೇಲ್ಭಾಗದ ಕಿರೀಟಕ್ಕೆ ಒತ್ತಿ ಕೂರಿಸಿರುವುದರಿಂದ ಕೊಳವೆಯೊಂದನ್ನೇ ಬದಲಿಸಲಾಗದು. ಇಡೀ ಭಾಗವನ್ನು ಬದಲಿಸಬೇಕಾಗುತ್ತದೆ. ಕೆಲವು ಮಿಲಿಲೀಟರ್ ಎಣ್ಣೆಯ ಉದಾಸೀನವು ಹೀಗೆ ದುಬಾರಿ ವೆಚ್ಚಕ್ಕೆ ಕಾರಣವಾಗುತ್ತದೆ. ರಾಯಚೂರು, ಮಾನ್ವಿ, ದೇವದುರ್ಗ ಭಾಗದ ಹೊಲದ ದಾರಿಗಳಲ್ಲಿ ಬೇಸಿಗೆಯಲ್ಲಿ ನುಣ್ಣನೆಯ ಧೂಳು ಏಳುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಅಂಟಿ ಒಣಗುತ್ತದೆ. ಇಂಥ ಕಡೆ ಪ್ರತಿ ಸವಾರಿಯ ನಂತರ ಮೇಲ್ಕೊಳವೆಗಳನ್ನು ಮೃದು ಬಟ್ಟೆಯಿಂದ ಒರೆಸುವುದು ಅತ್ಯಂತ ಸುಲಭವಾದ ರಕ್ಷಣೆ.

ರಾಕ್‌ಶಾಕ್ಸ್ ಸಂಸ್ಥೆಯು ಕೆಳಕವಚದ ಸೇವೆಯನ್ನು ಪ್ರತಿ 50 ಗಂಟೆಗಳ ಸವಾರಿಗೊಮ್ಮೆ ಮಾಡಲು ಸೂಚಿಸುತ್ತದೆ. ದಿನಕ್ಕೆ ಒಂದು ಗಂಟೆ ಸವಾರಿ ಮಾಡುವವರಿಗೆ ಈ ಅವಧಿ ಎರಡು ತಿಂಗಳೊಳಗೆ ಮುಗಿಯುತ್ತದೆ. ಫಾಕ್ಸ್ ಸಂಸ್ಥೆಯು 125 ಗಂಟೆಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಸೇವೆ ಸೂಚಿಸುತ್ತದೆ. ಧೂಳು, ಕೆಸರು ಹೆಚ್ಚಿರುವಲ್ಲಿ ಇದಕ್ಕಿಂತ ಮೊದಲೇ ಮಾಡುವುದು ಒಳ್ಳೆಯದು.

ಮನೆಯಲ್ಲಿ ಮಾಡಬಹುದಾದ ಸೇವೆ

ಅಲೆನ್ ಕೀ, ಟಾರ್ಕ್ ರೆಂಚ್, ಪ್ಲಾಸ್ಟಿಕ್ ಸುತ್ತಿಗೆ, ಅಳತೆಯ ಸಿರಿಂಜ್, ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ, ಹೊಸ ವಾಷರ್‌ಗಳು, ಸೂಚಿತ ಎಣ್ಣೆ ಮತ್ತು ಗ್ರೀಸ್, ಶಾಕ್ ಪಂಪ್ ಬೇಕಾಗುತ್ತವೆ. ಗಾಳಿಯ ಫೋರ್ಕ್‌ಗೆ ಸಾಮಾನ್ಯ ಕ್ರಮ ಹೀಗಿದೆ:

1. ಚಕ್ರವನ್ನು ತೆಗೆದು, ಫೋರ್ಕ್‌ನ ಹೊರಭಾಗವನ್ನು ಶುಚಿಗೊಳಿಸಬೇಕು. ಗಾಳಿಯ ಒತ್ತಡವನ್ನು ಬರೆದಿಟ್ಟುಕೊಂಡು, ಗಾಳಿಯನ್ನು ಪೂರ್ತಿ ಹೊರಬಿಡಬೇಕು.
2. ಕೆಳಕವಚದ ತಳದ ಬೋಲ್ಟ್‌ಗಳನ್ನು ಕೆಲವು ಸುತ್ತು ಸಡಿಲಿಸಿ, ಅವುಗಳ ತಲೆಯ ಮೇಲೆ ಮೆಲ್ಲಗೆ ತಟ್ಟಿದರೆ ಒಳಗಿನ ದಂಡಗಳು ಬಿಡುತ್ತವೆ.
3. ಬೋಲ್ಟ್‌ಗಳನ್ನು ತೆಗೆದು, ಕೆಳಕವಚವನ್ನು ಎಳೆದು, ಹಳೆಯ ಎಣ್ಣೆಯನ್ನು ಪಾತ್ರೆಯೊಂದರಲ್ಲಿ ಹಿಡಿಯಬೇಕು.
4. ಸ್ಪಂಜಿನ ಉಂಗುರಗಳನ್ನು ತೆಗೆದು ಶುಚಿಗೊಳಿಸಿ, ಹೊಸ ಎಣ್ಣೆಯಲ್ಲಿ ನೆನೆಸಿ ಮರಳಿ ಕೂರಿಸಬೇಕು. ಸೀಲಿನ ಒಳ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಬೇಕು.
5. ಸೀಲಿನ ಅಂಚು ಮಡಚದಂತೆ ಕೆಳಕವಚವನ್ನು ಅರ್ಧದವರೆಗೆ ಏರಿಸಿ, ಫೋರ್ಕನ್ನು ಓರೆಯಾಗಿ ಹಿಡಿದು, ತಳದ ರಂಧ್ರಗಳ ಮೂಲಕ ಎರಡೂ ಕಾಲುಗಳಿಗೆ ತಯಾರಕರು ಹೇಳಿದಷ್ಟೇ ಎಣ್ಣೆಯನ್ನು ಸಿರಿಂಜ್‌ನಿಂದ ಹಾಕಬೇಕು.
6. ಕವಚವನ್ನು ಪೂರ್ತಿ ಒತ್ತಿ, ಹೊಸ ವಾಷರ್‌ಗಳೊಂದಿಗೆ ಬೋಲ್ಟ್‌ಗಳನ್ನು ಸೂಚಿತ ಟಾರ್ಕ್‌ಗೆ ಬಿಗಿಯಬೇಕು. ಬಳಿಕ ಮೊದಲಿನ ಒತ್ತಡಕ್ಕೆ ಗಾಳಿ ತುಂಬಬೇಕು.

ಸವಾರನು ಕುಳಿತಾಗ ಫೋರ್ಕ್ ತನ್ನ ಒಟ್ಟು ಚಲನೆಯ ಶೇ. 15ರಿಂದ 25ರಷ್ಟು ತಗ್ಗಿದರೆ ಒತ್ತಡ ಸಾಮಾನ್ಯವಾಗಿ ಸರಿಯಾಗಿದೆ ಎಂದರ್ಥ.

ಎಚ್ಚರಿಕೆಗಳು

* ಗಾಳಿ ತುಂಬಿರುವಾಗ ಬಿಚ್ಚಿದರೆ ಬಿಡಿಭಾಗಗಳು ಸಿಡಿದು ಗಾಯವಾಗಬಹುದು.
* ಸೀಮೆಎಣ್ಣೆ, ಪೆಟ್ರೋಲ್‌ಗಳಿಂದ ರಬ್ಬರ್ ಸೀಲ್‌ಗಳು ಕೆಡುತ್ತವೆ, ಅವುಗಳಿಂದ ತೊಳೆಯಬಾರದು.
* ಬ್ರೇಕಿನ ಡಿಸ್ಕ್ ಅಥವಾ ಪ್ಯಾಡ್‌ಗೆ ಎಣ್ಣೆ ತಗುಲಿದರೆ ಬ್ರೇಕ್ ಹಿಡಿಯದು. ಅವನ್ನು ಮೊದಲೇ ದೂರವಿಡಬೇಕು.
* ಟೈರಿನ ಸಾಮಾನ್ಯ ಪಂಪಿನಿಂದ ಗಾಳಿ ತುಂಬಬಾರದು.
* ಡ್ಯಾಂಪರ್‌ನ ಒಳಭಾಗದ ದುರಸ್ತಿಯನ್ನು ತರಬೇತಿ ಪಡೆದ ಮೆಕ್ಯಾನಿಕ್‌ಗೆ ಬಿಡುವುದು ಕ್ಷೇಮ. ಕೊಳವೆಗಳಲ್ಲಿ ಬಿರುಕು ಅಥವಾ ಬಾಗು ಕಂಡರೆ ಫೋರ್ಕನ್ನು ಬಳಸಬಾರದು.
* ಬಳಸಿದ ಎಣ್ಣೆಯನ್ನು ಚರಂಡಿಗೆ ಅಥವಾ ಹೊಲಕ್ಕೆ ಚೆಲ್ಲಬಾರದು. ಹಳೆಯ ಎಂಜಿನ್ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಬಹುದು.